ಐದು ಹನಿಯ ಪ್ಯಾಡು

ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಸಂತೆಬಾಚಹಳ್ಳಿಯ ಬಸ್ಸು ಹತ್ತಿದಾಗಿನಿಂದ ವೀಣ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದೋ ಕಾಲ ಬಳಿ ಇಡುವುದೋ ಎಂದು ತೀರ್ಮಾನಿಸಲಾಗದೆ ಮೂರು ಸಲ ಎತ್ತಿ ಇಳಿಸಿದ್ದಳು. ಚೀಲ ಭಾರವಿರಲಿಲ್ಲ. ಅದೇ ಅವಳಿಗೆ ತೊಂದರೆಯಾಗಿತ್ತು. ಅಷ್ಟು ದೊಡ್ಡ ಚೀಲವನ್ನು ಒಂದು ಬೆರಳಿನಲ್ಲಿ ಎತ್ತುವುದನ್ನು ಕಂಡರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಪಕ್ಕದಲ್ಲಿ ಕೂತ ಹೆಂಗಸು ಕೇಳಿಯೂಬಿಟ್ಟಳು, ಹತ್ತಿಯೇನವ್ವ ಅಂತ. ವೀಣ ಹೌದು ಅಂದಳು. ಒಳಗಿರುವುದರಲ್ಲಿ ಸ್ವಲ್ಪ ಹತ್ತಿಯೂ ಇದೆಯಲ್ಲ, ಪೂರ್ತಿ ಸುಳ್ಳಾಗಲಿಲ್ಲ ಎಂದು ಲೆಕ್ಕ ಹಾಕಿದಳು. ಹೀಗೆ ಲೆಕ್ಕ ಹಾಕುವುದು ಅವಳಿಗೆ ಅಂಟಿಕೊಂಡ ರೋಗ. ಹೇಳುವ ಮಾತು ಒಂದೇ ಒಂದು, ಅದನ್ನು ಸರಿಯಾಗಿ ಹೇಳಿ ಎರಡು ಗಂಟೆಯ ಬಸ್ಸಿಗೆ ವಾಪಸು ಬಂದುಬಿಡಬೇಕು. ನೀರು ಮಾತ್ರ ಕಮ್ಮಿ ಮಾಡಬೇಡಿ. ಅಷ್ಟೇ. ಯಾಕೆ ಅಂತ ಕೇಳಿದರೆ ಡಾಕ್ಟರು ಹೇಳುತ್ತಾರೆ ಅನ್ನಬಹುದು. ತನ್ನದನ್ನೇನೂ ಹೇಳಬೇಕಾಗಿಲ್ಲ. ಆದರೆ ತನ್ನದನ್ನು ಹೇಳದೆ ಆ ಮಾತಿಗೆ ತೂಕ ಬರುತ್ತದೆಯೇ, ಯಾರಾದರೂ ನಂಬುತ್ತಾರೆಯೇ? ಈ ಅನುಮಾನದಲ್ಲಿಯೇ ಬಸ್ಸು ಊರು ದಾಟಿತು.

ಮೆಡಿಕಲ್ ಸ್ಟೋರಿನ ಅಶೋಕ್ ಕರೆದು ಹೇಳಿರದಿದ್ದರೆ ಅವಳು ಹೊರಡುತ್ತಿರಲಿಲ್ಲ. ಸಂತೆಬಾಚಹಳ್ಳಿ ಕಡೆಯ ಪುಟ್ಟಗೌರಮ್ಮ ಎಂಬಾಕೆಯ ಗಂಡ ತೆಂಗಿನ ಮರದಿಂದ ಬಿದ್ದು, ಸೊಂಟದಿಂದ ಕೆಳಕ್ಕೆ ಸ್ವಾಧೀನ ಹೋಗಿ ಎಂಟು ತಿಂಗಳಾಗಿದೆಯಂತೆ. ದೊಡ್ಡವರಿಗೆ ಕಟ್ಟುವ ಪ್ಯಾಡು ಅಂತ ಬಂದಿದೆಯಂತಲ್ಲ, ಯಾವುದು ಹೆಚ್ಚು ಹೊತ್ತು ತಡೆಯುತ್ತದೆ ಎಂದು ಅಂಗಡಿಗೆ ಬಂದು ಕೇಳಿದಳಂತೆ. ನನಗೇನು ಗೊತ್ತು ಮೇಡಂ, ನೀವಾದರೆ ಅಳೆದು ಬರೆದಿಟ್ಟಿದ್ದೀರಿ, ಮನೆಯಲ್ಲಿ ಉಳಿದಿದ್ದರೆ ಅದನ್ನೂ ಕೊಟ್ಟುಬಿಡಿ ಅಂದ ಅಶೋಕ್, ಗಿರಾಕಿಗಳ ಎದುರಿಗೇ. ಅಳೆದಿದ್ದು ನಿಜ. ತಾಲ್ಲೂಕಿನಲ್ಲಿ ಅಂಥದ್ದನ್ನು ಇನ್ನೊಬ್ಬರು ಅಳೆದಿರಲಾರರು. ಹಾಲಿನ ಡೇರಿಯಲ್ಲಿ ಹನ್ನೆರಡು ವರ್ಷದಿಂದ ಅವಳದ್ದು ಅದೇ ಕೆಲಸ. ಹಾಲು ಕಲಕಿ, ಜಾಡಿಗೆ ಸುರಿದು, ನೊರೆ ಇಳಿಯುವತನಕ ಕಾದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದುವುದು. ಸಂಜೆ ಟ್ಯುಟೋರಿಯಲ್ಲಿನಲ್ಲಿ ಕೂತು ಪಿಯುಸಿ ಮುಗಿಸಿದವಳಿಗೆ ಸಿಕ್ಕ ಆ ಕೆಲಸವನ್ನು ಅವಳು ಹೆದರಿ ಹೆದರಿ ಮಾಡುತ್ತಿದ್ದಳು. ಒಂದು ಗೆರೆ ತಪ್ಪಿ ಓದಿದರೆ ಯಾರದೋ ಎಮ್ಮೆಗೆ ಅನ್ಯಾಯವಾಗುತ್ತದೆ ಎಂಬ ಹೆದರಿಕೆ. ಹಾಗಾಗಿ ಅಪ್ಪನ ಪ್ರಾಸ್ಟೇಟ್ ಆಪರೇಷನ್ ಆಗಿ ಮೂತ್ರದ ಕಟ್ಟು ನಿಲ್ಲದಂತಾದಾಗ, ಮೈಸೂರಿನ ದೊಡ್ಡಾಸ್ಪತ್ರೆಯ ಎದುರಿನ ಅಂಗಡಿಯಿಂದ ತಂದ ಎರಡು ಕಂಪನಿಯ ಪ್ಯಾಡುಗಳನ್ನು ಅವಳು ಸುಮ್ಮನೆ ಕಟ್ಟಲಿಲ್ಲ. ಒಂದರ ಮೇಲೆ ಮೂರು ಹನಿಯ ಚಿತ್ರ ಅಚ್ಚಾಗಿತ್ತು, ಇನ್ನೊಂದರ ಮೇಲೆ ಐದು. ಐದು ಹನಿಯದೇ ಹೆಚ್ಚು ಹಿಡಿಯಬೇಕು. ಡೇರಿಯಿಂದ ಅಳತೆಯ ಜಾಡಿ ತಂದು, ನೀರಿಗೆ ಎರಡು ತೊಟ್ಟು ಶಾಯಿ ಹಾಕಿ, ಎನಾಮೆಲ್ ತಟ್ಟೆಯಲ್ಲಿ ಪ್ಯಾಡು ಹಾಸಿ ಸುರಿದು, ಮೇಲೆ ಹಳೇ ಪೇಪರು ಒತ್ತಿ ನೋಡಿದಾಗ ಮೂರು ಹನಿಯದು ಏಳುನೂರು ಎಂ.ಎಲ್. ಹಿಡಿಯಿತು, ಐದು ಹನಿಯದು ಆರುನೂರಕ್ಕೆ ಜಿನುಗಿತು. ಅವಳಿಗೆ ನಂಬಿಕೆಯಾಗದೆ ಇನ್ನೊಂದೊಂದು ಹಾಳು ಮಾಡಿ ನೋಡಿದಳು. ಹನಿ ಅನ್ನುವುದು ಆಯಾ ಕಂಪನಿಯ ಹನಿ, ಒಬ್ಬರ ಐದಕ್ಕೂ ಇನ್ನೊಬ್ಬರ ಮೂರಕ್ಕೂ ಸಂಬಂಧವಿಲ್ಲ ಎಂದು ಅರ್ಥವಾದಾಗ, ತಾನೇನೋ ಮೋಸ ಹಿಡಿದೆನೆಂದು ಒಂದು ಕ್ಷಣ ಹೆಮ್ಮೆಯೂ ಆಯಿತು. ಆಮೇಲೆ ಆ ಜಾಡಿಯನ್ನು ಮತ್ತೆ ಹಾಲಿಗೆ ಬಳಸಲು ಮನಸ್ಸೊಪ್ಪದೆ, ಅದರಲ್ಲಿ ಸುರಿದದ್ದು ಬರೀ ನೀರೇ ಆಗಿದ್ದರೂ, ಹೊಸದೊಂದನ್ನು ತಂದು ಡೇರಿಯಲ್ಲಿ ಇಟ್ಟು ಯಾರಿಗೂ ಹೇಳಲಿಲ್ಲ.

ತೋರಿಸಿದಾಗ ಅಪ್ಪ ನಕ್ಕಿದ್ದ. ನಾಗರಾಜಾಚಾರಿ ಎಂದರೆ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಅಕ್ಕಸಾಲಿ, ಗುಲಗಂಜಿ ತೂಕಕ್ಕೆ ಪ್ರಾಣ ಬಿಡುತ್ತಿದ್ದವನು. ನಾನು ಚಿನ್ನ ತೂಗ್ದೆ, ನನ್ ಮಗಳು ಉಚ್ಚೆ ತೂಗ್ತಾಳೆ ಅಂದ. ಅವಳೂ ನಕ್ಕಳು. ಆ ದಿನಗಳಲ್ಲಿ ನಗುವುದು ಇನ್ನೂ ಆಗುತ್ತಿತ್ತು. ನಗು ನಿಂತದ್ದು ಮತ್ತೊಂದು ಸಲ ಆಸ್ಪತ್ರೆಗೆ ತೋರಿಸಿಕೊಂಡು ಮೈಸೂರಿನಿಂದ ಬರುವಾಗ ಶ್ರೀರಂಗಪಟ್ಟಣದ ಹತ್ತಿರವಿರಬೇಕು. ಅಪ್ಪ ಕಿಟಕಿಯ ಕಡೆ ಕೂತು ಕರಿಘಟ್ಟ ಕಾಣುತ್ತೇನೋ ಎಂದು ಕತ್ತು ಚಾಚಿದ್ದ. ಚಾಚಿದವನು ಹಾಗೇ ಕಲ್ಲಾದ. ಸೀಟಿನಿಂದ ಇಳಿದ ನೀರು ಬಸ್ಸಿನ ಏರಿಳಿತಕ್ಕೆ ಹರಿದು ಮುಂದಿನ ಸಾಲಿನವರ ಚಪ್ಪಲಿಯನ್ನು ಮುಟ್ಟಿತು. ಕಂಡಕ್ಟರು ಏನಿದು ಅಂದ. ಅವಳು ಎಲ್ಲರಿಗೂ ಕೇಳುವಂತೆ, ಬಾಟ್ಲು ಸೋರಿತು, ನನ್ನ ಕೈ ತಪ್ಪಿ ಬಿತ್ತು ಅಂದಳು, ತನ್ನ ಗಂಟಲು ಅಷ್ಟು ದೊಡ್ಡದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಯಾರೂ ನಂಬಲಿಲ್ಲ. ಮುಂದಿನ ಸೀಟಿನವರು ಎದ್ದು ಪಾಂಡವಪುರದವರೆಗೂ ನಿಂತೇ ಬಂದರು. ಅಪ್ಪ ಅವಳ ಕೈ ಹಿಡಿಯಲಿಲ್ಲ, ಅವಳ ಕಡೆ ತಿರುಗಲೂ ಇಲ್ಲ. ಮನೆಗೆ ಬಂದು ಪಂಚೆ ಬದಲಿಸುವಾಗ, ನೀ ಯಾಕವ್ವ ತೆಪ್ಪು ತಲೆ ಮೇಲೆ ಆಕ್ಕೊಂಡೆ ಅಂತ ಒಂದೇ ಮಾತು ಕೇಳಿದ.

ಸಂತೆಬಾಚಹಳ್ಳಿಯಲ್ಲಿ ಇಳಿದು ಕೇಳಿದ ಮೊದಲ ಮನೆಯವರೇ ದಾರಿ ತೋರಿಸಿದರು. ಮರದಿಂದ ಬಿದ್ದ ದ್ಯಾವಯ್ಯನ ಮನೆ ಎಂದರೆ ಸಾಕಾಯಿತು. ಪುಟ್ಟಗೌರಮ್ಮ ಜಗಲಿಯ ಮೇಲೆ ನಿಂತು ಕಾಯುತ್ತಿದ್ದಳು, ನಲವತ್ತರ ಆಸುಪಾಸು, ಕೈಗಳು ಸೋಪಿನ ನೀರಿಗೆ ಬೆಳ್ಳಗೆ ಸುಕ್ಕಾಗಿದ್ದವು. ಅಂಗಳದ ತಂತಿಯ ತುಂಬ ಕೌದಿ, ಹಳೇ ಸೀರೆಯ ತುಂಡು, ಪಂಚೆಯ ತುಂಡು. ಬನ್ನಿ ಅಕ್ಕ, ಕುಂತ್ಕಳಿ ಅಂತ ಚಾಪೆ ಹಾಸಿ, ಸುತ್ತು ಬಳಸದೆ, ಯಾವ್ದು ಒಳ್ಳೇದು ಎಂದು ಕೇಳಿದಳು. ವೀಣ ಎರಡು ಕಟ್ಟು ಹೊರಗೆ ತೆಗೆದಳು. ಬಿಚ್ಚದ ಮೂರು ಹನಿಯವು ಹತ್ತು, ಐದು ಹನಿಯವು ಉಳಿದಿದ್ದು ನಾಲ್ಕು. ಹನಿಯನ್ನು ನಂಬಬೇಡಿ ಎಂದು ಶುರುಮಾಡಿ, ತಟ್ಟೆಯಲ್ಲಿ ಹಿಡಿದಷ್ಟು ಮೈಮೇಲೆ ಹಿಡಿಯುವುದಿಲ್ಲ, ಮಗ್ಗುಲಾಗಿ ಮಲಗಿದರೆ ಅರ್ಧ ತುಂಬುವುದರೊಳಗೆ ಸೊಂಟದ ಪಕ್ಕದಿಂದ ಸೋರುತ್ತದೆ, ಆದ್ದರಿಂದ ಏಳುನೂರು ಅಂದರೆ ನಾನೂರು ಅಂದುಕೊಳ್ಳಿ, ಎರಡು ಲೋಟ, ಎಂದೆಲ್ಲ ಹೇಳುತ್ತ ಹೋದಳು. ಪುಟ್ಟಗೌರಮ್ಮ ತಲೆಯಾಡಿಸುತ್ತ ಕೇಳಿದಳು. ಈಗ ಹೇಳಬೇಕು, ಈ ಎರಡು ಲೋಟದ ಹಿಂದೆಯೇ ಆ ಮಾತು ಬರಬೇಕು ಎಂದು ವೀಣ ಉಸಿರು ತೆಗೆದುಕೊಂಡಳು. ಅಷ್ಟರಲ್ಲಿ ಪುಟ್ಟಗೌರಮ್ಮನೇ ದನಿ ತಗ್ಗಿಸಿ, ನಾನು ನೀರು ಕಮ್ಮಿ ಕೊಡ್ತೀನಿ ಕಣಕ್ಕ, ಅದ್ರಿಂದ್ಲೇ ಒಸಿ ಸುಧಾರಿಸ್ಕೊಂಡಿರೋದು ಅಂದಳು. ಒಳ್ಳೆಯ ಉಪಾಯವೊಂದನ್ನು ಹಂಚಿಕೊಂಡವಳ ಮುಖ ಅದು. ಹಿತ್ತಲಲ್ಲಿ ಎಮ್ಮೆ ಹಗ್ಗ ಜಗ್ಗಿ ಕೂಗಿತು, ಬಂದೆ ಇರಿ ಎಂದು ಪುಟ್ಟಗೌರಮ್ಮ ಎದ್ದು ಹೋದಳು.

ಅಂಥದೇ ಮುಖ ತನಗೂ ಇದ್ದಿರಬೇಕು, ಮೂರು ತಿಂಗಳ ಕೆಳಗೆ, ಹಳೇ ಗಿರಾಕಿ ಬೈರಮ್ಮನ ಮನೆಯವರು ಮದುವೆಯ ತಾಳಿಗೆ ಬರುವ ಹಿಂದಿನ ದಿನ. ಆ ಮನೆಯ ನಾಲ್ಕು ತಲೆಮಾರಿನ ತಾಳಿ ಇವರ ಮನೆಯಿಂದಲೇ ಹೋದದ್ದು. ಮದುವೆಗೆ ಮುಂಚೆ ಹೆಂಗಸರು ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಿಡಿದು ಅಕ್ಕಸಾಲಿಯ ಮನೆಗೆ ಬರಬೇಕು, ಆತ ಮಣೆಯ ಮೇಲೆ ಕೂತು ಪೂಜೆ ಮಾಡಿ ವೀಳ್ಯದೆಲೆಯ ಮೇಲಿಟ್ಟು ತಾಳಿ ಕೊಡಬೇಕು. ಅಪ್ಪನ ಕೈ ನಡುಗುತ್ತಿದ್ದರಿಂದ ತಾಳಿ ಮಾಡಿದ್ದು ಚಿಕ್ಕಪ್ಪನ ಮಗ. ಆದರೆ ಕೊಡೋದು ಆಚಾರ್ರ ಕೈಯಿಂದಲೇ ಆಗಬೇಕು ಎಂದು ಬೈರಮ್ಮ ಹಟ ಹಿಡಿದಳು. ಅಪ್ಪ ಆಗಲ್ಲ ಅಂದವನು ಸಂಜೆಯ ಹೊತ್ತಿಗೆ, ಆದೀತೇನೋ ಮಗ, ಇದೊಂದು ಸಲ ಕುಂತ್ಕಂಡುಬುಟ್ರೆ ಅಂದ. ಅವನ ಕಣ್ಣಿನಲ್ಲಿ ಆಸೆಯನ್ನು ಅವಳು ಬಹಳ ದಿನದ ಮೇಲೆ ಕಂಡಿದ್ದಳು. ಆ ಆಸೆಗೆ ಒಂದು ತೊಟ್ಟೂ ತಾಗಬಾರದು. ಅವಳು ಕೂತು ಲೆಕ್ಕ ಹಾಕಿದಳು. ಕೂತಿದ್ದಾಗ ಇಷ್ಟು ಹಿಡಿಯುತ್ತದೆ, ಎರಡು ಗಂಟೆಗೆ ಇಷ್ಟು ಬರುತ್ತದೆ, ಹಾಗಾದರೆ ಒಳಗೆ ಹೋಗಬೇಕಾದದ್ದು ಇಷ್ಟೇ. ಹಿಂದಿನ ಸಂಜೆಯಿಂದಲೇ ಅವನ ಚೊಂಬನ್ನು ಅಡುಗೆಮನೆಗೆ ಸೇರಿಸಿದಳು. ಡಾಕ್ಟರು ಹೇಳವ್ರೆ ಅಂದಳು. ಅವನು ಒಪ್ಪಿದ. ಡಾಕ್ಟರು ಹಾಗೆ ಹೇಳಿರಲಿಲ್ಲ.

ಹತ್ತು ಗಂಟೆಗೆ ಬರುವವರು ಹನ್ನೆರಡೂವರೆಗೆ ಬಂದರು. ಅಷ್ಟು ಹೊತ್ತೂ ಅವನು ಮಡಿ ಪಂಚೆಯುಟ್ಟು ಮಣೆಯ ಮೇಲೆ ಕೂತಿದ್ದ, ಎದ್ದರೆ ಮತ್ತೆ ಕೂರಲು ಆಗುವುದಿಲ್ಲವೆಂದು. ಒಂದು ಸಲ ನೀರು ಕೇಳಿದ, ಈಗ ಬಂದುಬಿಡ್ತಾರಪ್ಪ ಅಂದಳು. ಇನ್ನೊಂದು ಸಲ ಕೇಳಿದ, ಅವಳು ಒಳಗೆ ಕೆಲಸವಿರುವವಳಂತೆ ಹೋದಳು. ಮೂರನೆಯ ಸಲ ಕೇಳಿದ್ದು ನಡುಮನೆಯ ತುಂಬ ಜನ ಕೂತಿದ್ದಾಗ. ವೀಣ, ಒಂದು ಗುಟುಕು ನೀರು ಕೊಡವ್ವ ಎಂದ, ನಾಲಿಗೆ ಅಂಗುಳಕ್ಕೆ ಅಂಟಿ ಅಕ್ಷರಗಳು ಮುರಿದು ಬಂದವು. ಬೈರಮ್ಮ, ಆಚಾರ್ರು ನೀರು ಕೇಳ್ತಾವ್ರೆ ಕಣವ್ವ ಅಂದಳು. ಎಲ್ಲರೂ ಅವಳ ಕಡೆ ನೋಡಿದರು.

"ಈಗ್ತಾನೆ ಕುಡುದ್ರು," ವೀಣ ನಕ್ಕು ಹೇಳಿದಳು. "ಮರೆತೋಗುತ್ತೆ ಅವರಿಗೆ."

ಅವನಿಗೆ ಮರೆವು ಇರಲಿಲ್ಲ. ಐವತ್ತು ವರ್ಷದ ಹಿಂದೆ ಯಾರ ಮನೆಯ ಕೈಬಳೆ ಎಷ್ಟು ತೂಗಿತ್ತೆಂದು ಹೇಳುತ್ತಿದ್ದ ತಲೆ ಅದು. ಅಪ್ಪ ಮುಖವೆತ್ತಿ ಅವಳನ್ನು ನೋಡಿದ. ಕೋಪದಿಂದ ನೋಡಿದ್ದರೆ ಇವತ್ತು ಅವಳಿಗೆ ಬದುಕು ಸುಲಭವಾಗಿರುತ್ತಿತ್ತು. ಅವನು ನಿಧಾನವಾಗಿ, ಅವಳಿಗೆ ಏನೋ ಒಂದು ಬೇಕಾಗಿದೆ, ಅದನ್ನು ತಾನು ಕೊಡಬಲ್ಲೆ ಎಂದು ಕಂಡುಕೊಂಡವನ ಹಾಗೆ ನೋಡಿದ. ಆಮೇಲೆ ಬೈರಮ್ಮನ ಕಡೆ ತಿರುಗಿ, "ಹೂಂ ಕಣವ್ವ, ಕುಡುದಿದ್ದೆ. ಮರೆತೋಯ್ತು," ಅಂದ. ಹೆಂಗಸರು ಅಯ್ಯೋ ಪಾಪ ಅಂದರು, ವಯಸ್ಸಾಯ್ತಲ್ಲ ಅಂದರು. ಅವನು ಎಲೆಯ ಮೇಲಿಟ್ಟು ತಾಳಿ ಕೊಟ್ಟ. ಅವರೆಲ್ಲ ಹೋದ ಮೇಲೆ ಅವನನ್ನು ಮಲಗಿಸಿ ಪ್ಯಾಡು ಬಿಚ್ಚಿದಾಗ ಅದು ಕಟ್ಟಿನಿಂದ ಆಗ ತೆಗೆದಂತೆ ಒಣಗಿತ್ತು. ಅವಳು ನೋಟ್ ಬುಕ್ಕಿನಲ್ಲಿ ಸೊನ್ನೆ ಬರೆದಳು. ಬರೆದಳು, ಅದನ್ನು ಹೇಗೆ ಅಲ್ಲಗಳೆಯುವುದು, ಬರೆಯುವಾಗ ಸಮಾಧಾನವೂ ಆಗಿತ್ತು. ಆಮೇಲೆ ಚೊಂಬಿನ ತುಂಬ ನೀರು ಕೊಟ್ಟಳು. ಅಪ್ಪ ಎರಡು ಗುಟುಕು ಕುಡಿದು ಸಾಕು ಅಂದ. ಮಾರನೆಯ ದಿನವೂ ಎರಡು ಗುಟುಕು. ಅದರ ಮಾರನೆಯ ದಿನವೂ. ಇನ್ನೊಂದು ಸಲ ಅವನು ತಾನಾಗಿ ನೀರು ಕೇಳಲಿಲ್ಲ. ಇಪ್ಪತ್ತೆರಡು ದಿನ ಕಳೆದು ಅವನು ಹೋದಾಗ ಡಾಕ್ಟರನ್ನು ಅವಳು ಕೇಳಿದ್ದಳು, ಒಂದು ದಿನ ನೀರು ಕಮ್ಮಿಯಾದರೆ ಹೀಗಾಗುತ್ತದೆಯೇ ಅಂತ. ಒಂದು ದಿನಕ್ಕೆ ಏನೂ ಆಗಲ್ಲಮ್ಮ, ವಯಸ್ಸು, ಅಂದರು ಅವರು. ಇಪ್ಪತ್ತೆರಡು ದಿನಕ್ಕೆ? ಅದನ್ನು ಕೇಳಲು ಧೈರ್ಯ ಬರಲಿಲ್ಲ.

"ಅಕ್ಕ."

ಒಳಗಿನಿಂದ ಕರೆದದ್ದು. ವೀಣ ಜಗಲಿಯಿಂದಲೇ ಬಗ್ಗಿ ನೋಡಿದಳು. ಕಿಟಕಿಯ ಪಕ್ಕದ ಮಂಚದ ಮೇಲೆ ದ್ಯಾವಯ್ಯ ಮಲಗಿದ್ದ. ಮರ ಹತ್ತುವವನ ಅಗಲವಾದ ಎದೆ, ತೋಳು ಇನ್ನೂ ಹಾಗೇ ಇದ್ದವು. ಕೌದಿಯ ಕೆಳಗೆ ಕಾಲುಗಳಿರುವ ಗುರುತೇ ಇರಲಿಲ್ಲ. ತುಟಿಯ ಮೇಲೆ ಬಿಳಿಯ ಪರೆ. ಲೋಟ ಅವನ ಕೈಗೆ ಎಟುಕದಂತೆ ಗೂಡಿನಲ್ಲಿ ಬೋರಲಾಗಿ ಇತ್ತು. ಅವನು ಹಿತ್ತಲ ಬಾಗಿಲ ಕಡೆ ಒಂದು ಸಲ ನೋಡಿ, ಪಿಸುದನಿಯಲ್ಲಿ, ಒಸಿ ನೀರು ಕೊಟ್ಟೀರಾ ಅಂದ. ಕದಿಯಲು ಜೊತೆಗಾರರನ್ನು ಕೇಳುವವನ ಹಾಗೆ.

ವೀಣ ಎದ್ದಳು. ಇದು ತನ್ನ ಮನೆಯಲ್ಲ, ಕೇಳಿ ಕೊಡಬೇಕು ಎಂದು ಒಂದು ಮನಸ್ಸು ಹೇಳುತ್ತಿರುವಾಗಲೇ ಅವಳ ಕೈ ಮಡಕೆಯ ಒಳಗಿತ್ತು. ಮೊದಲ ಲೋಟ ಅವನು ಉಸಿರು ತೆಗೆಯದೆ ಕುಡಿದ. ಎರಡನೆಯದನ್ನೂ ಕುಡಿದ. ಮೂರನೆಯದನ್ನು ಅವನು ಕೇಳಲಿಲ್ಲ, ಅವಳೇ ತುಂಬಿದಳು, ಕುಡೀರಿ, ಕುಡೀರಿ ಎನ್ನುತ್ತ ಅವನ ತಲೆಯ ಕೆಳಗೆ ಕೈ ಕೊಟ್ಟು ಎತ್ತಿದಳು. ಆ ತಲೆಯ ಭಾರ, ಕತ್ತಿನ ಹಿಂದಿನ ಬೆವರು ಕೈಗೆ ತಾಗಿದಾಗ ಅವಳ ಕಣ್ಣು ತುಂಬಿ ಬಂತು, ಲೋಟ ಎಷ್ಟು ಬಾಗಿದೆಯೆಂದು ಕಾಣಲಿಲ್ಲ. ದ್ಯಾವಯ್ಯ ನೆತ್ತಿ ಹತ್ತಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ನೀರು ಗಲ್ಲದಿಂದ ಎದೆಗೆ, ಎದೆಯಿಂದ ಹಾಸಿಗೆಗೆ ಹರಿಯಿತು. ಕೆಮ್ಮಿದ ರಭಸಕ್ಕೆ ಕೆಳಗೂ ಕಟ್ಟು ತಪ್ಪಿ, ಆ ವಾಸನೆ, ಅವಳಿಗೆ ಚೆನ್ನಾಗಿ ಗೊತ್ತಿದ್ದ ಆ ಬೆಚ್ಚನೆಯ ವಾಸನೆ ಕೋಣೆಯಲ್ಲಿ ಎದ್ದಿತು. ಅವನು ಅವಳ ಕಡೆ ನೋಡಲಿಲ್ಲ. ಬಾಗಿಲಲ್ಲಿ ಬಂದು ನಿಂತಿದ್ದ ಹೆಂಡತಿಯ ಕಡೆ ನೋಡಿ, ಅವರದೇನೂ ತೆಪ್ಪಿಲ್ಲ ಕಣೆ, ನಾನೇ ಕೇಳ್ದೆ ಅಂದ.

ಪುಟ್ಟಗೌರಮ್ಮ ಕೂಗಾಡಲಿಲ್ಲ. ಹತ್ತಿರ ಬಂದು ಕೌದಿಯ ಅಂಚು ಮುಟ್ಟಿ ನೋಡಿದಳು. ಬೆಳಿಗ್ಗೆಯಿಂದ ಬಿಸಿಲಿಲ್ಲ, ಒಣಗಿದ್ದಿದ್ದು ಇದೊಂದೇಯ ಅಂದಳು. ಆಮೇಲೆ ವೀಣಳ ಕಡೆ ತಿರುಗಿ, "ನೀವು ಬಸ್ಸಿಗೋಯ್ತೀರಿ. ಒಗಿಯೋಳು ನಾನು," ಅಂದಳು. ಅದು ನಿಜವಾಗಿತ್ತು. ಇಬ್ಬರೂ ಸೇರಿ ಅವನನ್ನು ಮಗ್ಗುಲಿಗೆ ಹೊರಳಿಸಿದರು, ಒರೆಸಿದರು. ಸೊಂಟದ ಹಿಂದೆ ಹಾಸಿಗೆ ಹುಣ್ಣು ಅಂಗೈಯಗಲ ಆಗಿತ್ತು. ವೀಣ ಮೂರು ಹನಿಯದೊಂದನ್ನು ಬಿಚ್ಚಿ, ಸೋರುವ ಕಡೆಗೆ ಮಡಿಕೆ ಕೊಟ್ಟು ಹೇಗೆ ಕಟ್ಟಬೇಕೆಂದು ತೋರಿಸಿದಳು. ಕೈ ತಾನಾಗಿಯೇ ಕೆಲಸ ಮಾಡುತ್ತಿತ್ತು. ದ್ಯಾವಯ್ಯ ಗೋಡೆಯ ಕಡೆ ಮುಖ ಮಾಡಿ, ಬೇರೆ ಯಾರದೋ ಮೈಯನ್ನು ತಿರುಗಿಸುತ್ತಿದ್ದಾರೆ ಎಂಬಂತೆ ಮಲಗಿದ್ದ. ಕೌದಿಯನ್ನು ಇಬ್ಬರೂ ಹಿತ್ತಲ ಕಲ್ಲಿನ ಹತ್ತಿರ ಹೊತ್ತೊಯ್ದರು. ವೀಣ ಸೆರಗು ಸಿಕ್ಕಿಸಿ ಒಂದು ಕೊನೆ ಹಿಡಿದಳು. ಎರಡು ಗಂಟೆಯ ಬಸ್ಸು ಹಾರನ್ನು ಹೊಡೆದು ಹೋದದ್ದು ಕೇಳಿಸಿತು.

ಹಿಂಡುತ್ತ ಹಿಂಡುತ್ತಲೇ ಅವಳು ಹೇಳಿದಳು. ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತು ಯಾವುದೂ ಬರಲಿಲ್ಲ. "ನಮ್ಮಪ್ಪ ನೀರು ಕೇಳಿದ್ರು, ಜನದ ಮುಂದೆ. ನಾನು ಕೊಡಲಿಲ್ಲ. ಕುಡುದವ್ರೆ, ಮರೆತವ್ರೆ ಅಂತ ಸುಳ್ಳು ಹೇಳ್ದೆ."

ಪುಟ್ಟಗೌರಮ್ಮ ಕೈ ನಿಲ್ಲಿಸದೆ, "ಆಮೇಲೆ?" ಅಂದಳು.

"ಆಮೇಲೆ ಅವರು ಕೇಳಲೇ ಇಲ್ಲ. ಇಪ್ಪತ್ತೆರಡು ದಿನ ಇದ್ರು."

ಕೌದಿಯಿಂದ ನೀರು ಕಲ್ಲಿನ ಮೇಲೆ ಸುರಿಯಿತು. ಪುಟ್ಟಗೌರಮ್ಮ ಸಮಾಧಾನ ಹೇಳುತ್ತಾಳೆ ಎಂದು ಕಾದದ್ದು ವೀಣಳಿಗೆ ಆಗ ಗೊತ್ತಾಯಿತು, ಗೊತ್ತಾಗಿ ನಾಚಿಕೆಯಾಯಿತು. ಇಷ್ಟು ದೂರ ಬಂದದ್ದು ಇದಕ್ಕೇ ಇರಬಹುದೇ? ಯಾರದೋ ಗಂಡನ ಬಾಯಾರಿಕೆಯನ್ನು ಮುಂದಿಟ್ಟುಕೊಂಡು ತನಗೊಂದು ಮಾತು ಬೇಡಲು?

"ನಿಮ್ಗೆ ಮುಗೀತಲ್ಲಕ್ಕ," ಪುಟ್ಟಗೌರಮ್ಮ ಅಂದಳು. ದನಿಯಲ್ಲಿ ಕೊಂಕಿರಲಿಲ್ಲ. "ಇವರಿಗೆ ಇನ್ನೂ ನಲವತ್ತಾರು. ಕೊಡಬಾರ್ದು ಅಂತ ನಾನು ಅಂದ್ಕೊಂಡಿಲ್ಲ ಕಣಕ್ಕ. ದಿನಕ್ಕೆ ನಾಕು ಸಲ ಒಗ್ದು, ಗದ್ದೆ ಕಳೆ ಕಿತ್ತು, ಎಮ್ಮೆ ನೋಡ್ಕೊಂಡು, ಈ ಕೈಲಿ ಇನ್ನೂ ಎಷ್ಟು ವರ್ಷ ಆಯ್ತದೆ ಯೋಳಿ."

ಅದನ್ನು ಅಳೆಯುವ ಜಾಡಿ ವೀಣಳ ಹತ್ತಿರ ಇರಲಿಲ್ಲ. ತಂತಿಯ ಮೇಲೆ ಜಾಗ ಮಾಡಿ ಕೌದಿ ಹರವಿದರು. ಒಳಗೆ ಬಂದು ಪುಟ್ಟಗೌರಮ್ಮ ಸೆರಗಿಗೆ ಕೈ ಒರೆಸಿಕೊಂಡು, ಮಂಚದ ಕೆಳಗಿಟ್ಟಿದ್ದ ಕಟ್ಟುಗಳನ್ನು ಎಳೆದು, ಬಿಚ್ಚಿದ್ದನ್ನೂ ಬಿಚ್ಚದ್ದನ್ನೂ ಒಂದೊಂದಾಗಿ ಬೆರಳು ಮುಟ್ಟಿ ಎಣಿಸಿ ನೋಡಿದಳು. ಬೇರೆಯದು ಎಲ್ಲಿ ಸಿಗುತ್ತದೆ ಎಂದು ಅವಳು ಕೇಳಲಿಲ್ಲ. ಅದರ ಬೆಲೆ ತನ್ನ ಕೈಗೆಟುಕುವುದಲ್ಲವೆಂದು ಅಶೋಕನ ಅಂಗಡಿಯಲ್ಲೇ ತಿಳಿದುಕೊಂಡಿದ್ದಳು.

"ಹದಿನಾಕು ತಂದಿದ್ರಿ ಅಲ್ವಾ. ದಿನಕ್ಕೊಂದು ಅಂದ್ರೆ ಹದಿನಾಕು ದಿನ ಕುಡೀಲಿ ಬುಡಿ, ಎಷ್ಟು ಬೇಕೋ ಅಷ್ಟು."

"ಹದಿಮೂರು," ವೀಣ ಅಂದಳು. "ಒಂದು ಈಗ ಕಟ್ಟಿದ್ದೀವಲ್ಲ." ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡಳು. ತನ್ನಂಥವಳನ್ನು ಆ ಹೊಸ್ತಿಲೊಳಗೆ ಬಿಡಬಾರದಿತ್ತು ಅನ್ನಿಸಿತು.

ಪುಟ್ಟಗೌರಮ್ಮ ಬೆರಳು ಮಡಚಿ, "ಇವತ್ತಿಂದೂ ಸೇರ್ತದಲ್ಲ," ಅಂದಳು. ಎದ್ದು ಮಡಕೆಯ ಹತ್ತಿರ ಹೋಗಿ ಲೋಟ ತುಂಬಿದಳು, ತುಳುಕುವಷ್ಟು. ಗಂಡನ ಪಕ್ಕ ಕೂತು, ಅವನ ತಲೆಯನ್ನು ತನ್ನ ತೊಡೆಗೆ ಆನಿಸಿ, ನಿಧಾನಕ್ಕೆ ಕುಡೀರಿ, ಯಾರೂ ಕಿತ್ಕಳಕಿಲ್ಲ ಅಂದಳು. ದ್ಯಾವಯ್ಯ ಹದಿನಾಲ್ಕನ್ನೂ ಕೇಳಿಸಿಕೊಂಡಿದ್ದ, ಹದಿಮೂರನ್ನೂ ಕೇಳಿಸಿಕೊಂಡಿದ್ದ. ಲೋಟವನ್ನು ಎರಡು ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದ, ಇನ್ನೊಂದು ಗುಟುಕು ಕುಡಿದ, ಆಮೇಲೆ ಲೋಟವನ್ನು ಬಾಯಿಂದ ತೆಗೆದು ಹೆಂಡತಿಗೆ ವಾಪಸು ಕೊಟ್ಟು, ಸಾಕು ಅಂದ.